ಸಕಲೇಶಪುರದಲ್ಲಿ ಸರಿ, ಮಂಗಳೂರಿನಲ್ಲಿ ಲೀನ್: ಜಿಪ್ಸಿಗೆ ಸ್ಪೀಡ್ಯುಯಿನೋ ಟ್ಯೂನಿಂಗ್

ಜಿಪ್ಸಿ_ಸಕಲೇಶಪುರ
ಶನಿವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಹದಿನೈದು ದಿನದಿಂದ ತಲೆ ತಿನ್ನುತ್ತಿರುವ ತೊಂದರೆ ಒಂದಿದೆ. ಪೂರ್ತಿ ಬರೆಯುತ್ತೇನೆ, ದಯವಿಟ್ಟು ಓದಿ.

ಗಾಡಿ 1998ರ ಜಿಪ್ಸಿ ಕಿಂಗ್. ಕಾರ್ಬ್ಯುರೇಟರ್ ಇದ್ದದ್ದು. ಎರಡು ವರ್ಷದ ಹಿಂದೆ ಎಸ್ಟೀಮ್‌ನ 16 ವಾಲ್ವ್ ಎಂಪಿಎಫ್‌ಐ (ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ) ಇಂಜಿನ್ ಕೂರಿಸಿ, ಆರ್‌ಸಿಯಲ್ಲೂ ನಮೂದು ಮಾಡಿಸಿದ್ದೇನೆ. ಅದೇ 1298 ಸಿಸಿ. ಇಂಜಿನ್ ಜೊತೆ ಬಂದ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ನೀರು ಕುಡಿದು ಹಾಳಾಗಿತ್ತು, ಹಾಗಾಗಿ ಸ್ಪೀಡ್ಯುಯಿನೋ ಹಾಕಿದೆ. ಆರ್ಡುಯಿನೋ ಮೆಗಾ 2560 ಮೇಲೆ ಕೂರುವ, ನಾವೇ ಟ್ಯೂನ್ ಮಾಡಿಕೊಳ್ಳಬಹುದಾದ ಇಸಿಯು ಬೋರ್ಡ್ ಅದು. ಕ್ರ್ಯಾಂಕ್‌ಗೆ 36-1 (36ರಲ್ಲಿ ಒಂದು ಬಿಟ್ಟ) ಹಲ್ಲಿನ ಚಕ್ರ, ಲ್ಯಾಪ್‌ಟಾಪ್‌ನಲ್ಲಿ ಟ್ಯೂನಿಂಗ್ ಸಾಫ್ಟ್‌ವೇರ್ ಟ್ಯೂನರ್‌ಸ್ಟುಡಿಯೋ, ಎಕ್ಸಾಸ್ಟ್ ಪೈಪಿಗೆ ಗಾಳಿ-ಪೆಟ್ರೋಲ್ ಪ್ರಮಾಣ ತಿಳಿಸುವ ಎಲ್‌ಎಸ್‌ಯು 4.9 ವೈಡ್‌ಬ್ಯಾಂಡ್ ಸೆನ್ಸರ್. ಯಾವಾಗ ಎಷ್ಟು ಪೆಟ್ರೋಲ್ ಬಿಡಬೇಕೆಂದು ಹೇಳುವ ಮೊದಲ ಟೇಬಲ್ ಬೇರೆಯವರು ಮಾಡಿಕೊಟ್ಟರು. ಆಮೇಲೆ ತೋಟದ ರಸ್ತೆಯಲ್ಲಿ ನಾನೇ ಒಂದೊಂದೇ ಸೆಲ್ ತಿದ್ದಿಕೊಂಡು ಬಂದೆ. ತಮ್ಮ ಓಡಿಸುತ್ತಾನೆ, ನಾನು ಪಕ್ಕದಲ್ಲಿ ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತೇನೆ.

ಊರಲ್ಲಿ ಗಾಡಿ ಬಂಗಾರದಂತಿದೆ. ಫುಲ್ ಥ್ರಾಟಲ್‌ನಲ್ಲಿ ಎಎಫ್‌ಆರ್ (ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ) 12.8, ಸಮ ರಸ್ತೆಯಲ್ಲಿ 14.7. ಆದರೆ ಶಿರಾಡಿ ಘಾಟಿ ಇಳಿದು ಮಂಗಳೂರು ಮುಟ್ಟುವಷ್ಟರಲ್ಲಿ ಬೇರೆಯದೇ ಗಾಡಿ. ಎಳೆಯುವುದಿಲ್ಲ. ಫುಲ್ ಥ್ರಾಟಲ್ ಕೊಟ್ಟರೆ ಮೀಟರ್ 14.2 ತೋರಿಸುತ್ತದೆ, ಅಂದರೆ ಲೀನ್, ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ. ಬಿ.ಸಿ. ರೋಡ್ ಹತ್ತಿರ ಮೂರನೇ ಗೇರಿನಲ್ಲಿ ಡಬ್ಬದಲ್ಲಿ ಗೋಲಿ ಅಲ್ಲಾಡಿಸಿದಂಥ ಸದ್ದು ಕೇಳಿತು. ಕಾಲು ತೆಗೆದೆ, ಆಮೇಲೆ ಮೆಲ್ಲಗೇ ಹೋದೆ. ವಾಪಸ್ ಘಾಟಿ ಹತ್ತಿ ಬಂದರೆ ಮತ್ತೆ ಸರಿ!

ನಾಳೆ ಟೇಬಲ್ ಪೂರ್ತಿ 10 ಪರ್ಸೆಂಟ್ ಏರಿಸಿಬಿಡೋಣ ಅಂದುಕೊಂಡಿದ್ದೇನೆ. ತಪ್ಪೇ?


ಹಾಸನ_ಗ್ಯಾರೇಜ್
ಶನಿವಾರ, ರಾತ್ರಿ 10:15

ಖಂಡಿತ ತಪ್ಪು. ದಯವಿಟ್ಟು ಟೇಬಲ್ ಮುಟ್ಟಬೇಡಿ. ಊರಲ್ಲಿ ಸರಿಯಿರುವ ನಂಬರನ್ನು ಕೆಡಿಸಿಕೊಂಡರೆ ಎರಡೂ ಕಡೆ ಕೆಟ್ಟ ಗಾಡಿ ಆಗುತ್ತದೆ ಕಣ್ರಿ.

ಮೊದಲು ಪೆಟ್ರೋಲ್ ಪ್ರೆಷರ್ ನೋಡಿ. ಕಂಪ್ಯೂಟರಿಗೆ ಗೊತ್ತಿರುವುದು ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿದೆ ಅನ್ನುವುದು ಮಾತ್ರ. ಒಳಗೆ ಪೆಟ್ರೋಲ್ ಯಾವ ಒತ್ತಡದಲ್ಲಿ ನಿಂತಿದೆ ಅಂತ ಅದಕ್ಕೆ ಕಾಣಿಸುವುದಿಲ್ಲ. ಪಂಪ್ ಬಿಸಿಯಾದ ಮೇಲೆ ಸೋಲುತ್ತಿರಬಹುದು. ಫ್ಯುಯಲ್ ರೈಲಿಗೆ ಗೇಜ್ ಹಾಕಿ, ಪೈಪನ್ನು ಬಾನೆಟ್ ಸಂದಿಯಿಂದ ಹೊರತಂದು ವಿಂಡ್‌ಸ್ಕ್ರೀನ್ ಮೇಲೆ ಟೇಪ್ ಹಾಕಿ ಅಂಟಿಸಿ, ಓಡಿಸಿ ನೋಡಿ. ಐಡಲ್‌ನಲ್ಲಿ ಎರಡೂವರೆ ಬಾರ್ ಆಸುಪಾಸು, ಫುಲ್ ಥ್ರಾಟಲ್‌ನಲ್ಲಿ ಮೂರು ಬಾರ್ ಅಲ್ಲಾಡದೆ ನಿಲ್ಲಬೇಕು. ಪೈಪಿನ ಕ್ಲಿಪ್ ಎರಡೆರಡು ಸಲ ಬಿಗಿ ಮಾಡಿ, ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಚಿಮ್ಮಿದರೆ ಗಾಡಿಯೇ ಉಳಿಯುವುದಿಲ್ಲ.

ಮತ್ತೊಂದು, ಪ್ಲಗ್ ರೆಸಿಸ್ಟರ್ ಇರುವುದೇ ತಾನೇ?


ಕರಾವಳಿ_ರ‍್ಯಾಲಿ
ಶನಿವಾರ, ರಾತ್ರಿ 11:02

ನನಗೆ ಬೇರೆ ಸಂಶಯ ಉಂಟು ಮಾರಾಯ್ರೆ. ಪೆಟ್ರೋಲ್ ಎಲ್ಲಿ ಹಾಕಿಸಿದ್ದು? ಊರಲ್ಲಿ ಟ್ಯೂನ್ ಮಾಡುವಾಗ ಎಥನಾಲ್ ಕಡಿಮೆ ಇದ್ದ ಪೆಟ್ರೋಲ್, ಇಲ್ಲಿ ಇ20 (20 ಪರ್ಸೆಂಟ್ ಎಥನಾಲ್) ಹಾಕಿಸಿದ್ದಾದರೆ ಲೀನ್ ಆಗಿಯೇ ಆಗುತ್ತದೆ. ಬರೀ ಪೆಟ್ರೋಲಿಗೆ ಒಂದಕ್ಕೆ 14.7 ಗಾಳಿ ಬೇಕು, ಇ20ಗೆ ಸುಮಾರು 13.5 ಸಾಕು. ಅಷ್ಟೇ ಹೊತ್ತು ಇಂಜೆಕ್ಟರ್ ತೆರೆದರೆ ಎಂಟು ಪರ್ಸೆಂಟ್ ಹತ್ತಿರ ಲೀನ್. ನನ್ನ ಹಳೆಯ ಗಾಡಿಯಲ್ಲಿ ಆಗಿದೆ ಇದು.


ಜಿಪ್ಸಿ_ಸಕಲೇಶಪುರ
ಭಾನುವಾರ, ಸಂಜೆ 6:30

ಇಬ್ಬರಿಗೂ ಧನ್ಯವಾದ. ಇವತ್ತು ಮತ್ತೆ ಮಂಗಳೂರಿಗೆ ಹೋಗಿ ಬಂದೆ, ಇದಕ್ಕಾಗಿಯೇ.

ಗೇಜ್ ಅಂಟಿಸಿಕೊಂಡೇ ಹೋದೆ. ಮೇಲೆ, ಕೆಳಗೆ ಎರಡೂ ಕಡೆ ಫುಲ್ ಥ್ರಾಟಲ್‌ನಲ್ಲಿ 3 ಬಾರ್. ಮುಳ್ಳು ಅಲ್ಲಾಡಲಿಲ್ಲ. ಪಂಪಿನ ತಪ್ಪಿಲ್ಲ. ಪ್ಲಗ್ ರೆಸಿಸ್ಟರ್ ಇರುವುದೇ.

ಟ್ಯಾಂಕನ್ನು ಸಕಲೇಶಪುರದಲ್ಲೇ ತುಂಬಿಸಿದ್ದೆ, ಅದೇ ಪೆಟ್ರೋಲಿನಲ್ಲಿ ಕೆಳಗೆ ಲೀನ್ ಆಯಿತು. ಬರುವಾಗ ಮಂಗಳೂರಿನಲ್ಲಿ ಹಾಕಿಸಿಕೊಂಡು ಬಂದೆ, ಮೇಲೆ ಹತ್ತಿದ ಮೇಲೆ 12.8. ಅಂದರೆ ಪೆಟ್ರೋಲೂ ಅಲ್ಲ.

ಟ್ಯೂನ್ ಫೈಲಿನ ಜೊತೆ ಎರಡು ಲಾಗ್ (ಓಡುವಾಗ ಲ್ಯಾಪ್‌ಟಾಪ್ ಬರೆದಿಟ್ಟ ಅಂಕಿಗಳು) ಹಾಕಿದ್ದೇನೆ. ಒಂದು ತೋಟದ ರಸ್ತೆಯದು, ಒಂದು ಮಂಗಳೂರಿನದು. ಎರಡೂ ಮೂರನೇ ಗೇರ್, 2500ರಿಂದ 4500 ಆರ್‌ಪಿಎಂ. ಯಾರಾದರೂ ಬಿಚ್ಚಿ ನೋಡಿ.


ಲ್ಯಾಂಬ್ಡಾ_ಒಂದು
ಭಾನುವಾರ, ರಾತ್ರಿ 8:55

ನಾನು ಮಿಶಿಗನ್‌ನಲ್ಲಿದ್ದೇನೆ, ಇಂಜಿನ್ ಕ್ಯಾಲಿಬ್ರೇಷನ್ನೇ ನನ್ನ ಕೆಲಸ. ಕಾಫಿ ಹಿಡಿದುಕೊಂಡು ಎರಡೂ ಲಾಗ್ ನೋಡಿದೆ. ಉತ್ತರ ಅದರಲ್ಲೇ ಇದೆ.

ಮಂಗಳೂರಿನ ಲಾಗ್ ತೆಗೆದು, 3800 ಆರ್‌ಪಿಎಂ ಇರುವ ಸಾಲಿಗೆ ಹೋಗಿ. ಟಿಪಿಎಸ್ 100, ಅಂದರೆ ಥ್ರಾಟಲ್ ಪೂರ್ತಿ ತೆರೆದಿದೆ. ಮ್ಯಾಪ್ (ಇಂಜಿನ್ನಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡ್ ಒಳಗಿನ ಒತ್ತಡ) ಕಾಲಮ್ಮಿನಲ್ಲಿ 99 ಕಿಲೋಪ್ಯಾಸ್ಕಲ್. ಪಕ್ಕದ ಬ್ಯಾರೋ (ಹೊರಗಿನ ಗಾಳಿಯ ಒತ್ತಡ) ಕಾಲಮ್ಮಿನಲ್ಲಿ 90. ಟರ್ಬೋ ಇಲ್ಲದ ಇಂಜಿನ್ನಿನ ಮ್ಯಾನಿಫೋಲ್ಡ್ ಒಳಗೆ ಹೊರಗಿನ ಗಾಳಿಗಿಂತ ಹೆಚ್ಚು ಒತ್ತಡ ಹೇಗೆ ಬಂತು? ಬರಲು ಸಾಧ್ಯವಿಲ್ಲ. ನಿಮ್ಮ ಕಂಪ್ಯೂಟರ್ ಮಂಗಳೂರಿನಲ್ಲಿ ಓಡುತ್ತಾ ತಾನಿನ್ನೂ ಸಕಲೇಶಪುರದಲ್ಲೇ ಇದ್ದೇನೆ ಅಂದುಕೊಂಡಿದೆ.

ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಮೇಲಿದೆ. ಅಲ್ಲಿ ಗಾಳಿಯ ಒತ್ತಡ 90 ಕಿಲೋಪ್ಯಾಸ್ಕಲ್ ಆಸುಪಾಸು. ಮಂಗಳೂರಿನಲ್ಲಿ ನೂರರ ಮೇಲೆ. ಒಂದೇ ಥ್ರಾಟಲಿಗೆ ಒಂದು ಸಲಕ್ಕೆ ಒಳಗೆ ಹೋಗುವ ಗಾಳಿ 11 ಪರ್ಸೆಂಟ್ ಹೆಚ್ಚು. 12.8ನ್ನು 1.11ರಿಂದ ಗುಣಿಸಿ ನೋಡಿ: 14.2. ನಿಮ್ಮ ಮೀಟರ್ ತೋರಿಸಿದ್ದೇ ಅದು.

ಈಗ ಫೈಲಿಗೆ ಬನ್ನಿ. ಇಂಧನದ ಲೆಕ್ಕ ಆಲ್ಫಾ-ಎನ್‌ನಲ್ಲಿದೆ. ಎಂದರೆ ಕಂಪ್ಯೂಟರ್ ಥ್ರಾಟಲ್ ಎಷ್ಟು ತೆರೆದಿದೆ, ಇಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂಬ ಎರಡನ್ನೇ ನೋಡಿ ಪೆಟ್ರೋಲ್ ಬಿಡುತ್ತಿದೆ. ಗಾಳಿ ದಪ್ಪವೋ ತೆಳುವೋ ಅದಕ್ಕೆ ತಿಳಿಯದು. ಅದನ್ನು ಸರಿದೂಗಿಸಲು ಬ್ಯಾರೋ ಕರೆಕ್ಷನ್ ಅಂತ ಒಂದು ಕರ್ವ್ ಇದೆ, ನಿಮ್ಮದರಲ್ಲಿ ಅದು ಈ ತುದಿಯಿಂದ ಆ ತುದಿಯವರೆಗೆ 100, ಚಪ್ಪಟೆ. ಯಾರೂ ಮುಟ್ಟಿಲ್ಲ.

ಸಮ ರಸ್ತೆಯಲ್ಲಿ ನಿಮಗೆ ಇದು ಯಾಕೆ ಕಾಣಲಿಲ್ಲ ಅಂದರೆ, ಅಲ್ಲಿ ಇಜಿಓ ಕರೆಕ್ಷನ್, ಅಂದರೆ ಎಕ್ಸಾಸ್ಟ್ ಸೆನ್ಸರ್ ನೋಡಿ ಕಂಪ್ಯೂಟರ್ ತಾನೇ ಮಾಡುವ ತಿದ್ದುಪಡಿ, ಮುಚ್ಚಿಹಾಕುತ್ತಿತ್ತು. ಊರಿನ ಲಾಗ್‌ನಲ್ಲಿ ಆ ಕಾಲಮ್ 99, 101, 100 ಅಂತ ಆಡುತ್ತಿದೆ. ಮಂಗಳೂರಿನಲ್ಲಿ 110ಕ್ಕೆ ಹೋಗಿ ಅಲ್ಲೇ ಅಂಟಿಕೊಂಡಿದೆ. ನೀವು ಕೊಟ್ಟ ಮಿತಿ ಹತ್ತು ಪರ್ಸೆಂಟ್, ಅದು ತನ್ನ ಕೈಲಾದಷ್ಟೂ ಮಾಡಿದೆ. ಫುಲ್ ಥ್ರಾಟಲ್‌ನಲ್ಲಿ ಆ ತಿದ್ದುಪಡಿ ನಿಲ್ಲುತ್ತದೆ, ಆಗ ನಿಜ ಬಣ್ಣ ಹೊರಬಿತ್ತು. ಎಎಫ್‌ಆರ್ ನೋಡುವ ಮೊದಲು ಈ ಕಾಲಮ್ ನೋಡುವ ಅಭ್ಯಾಸ ಇಟ್ಟುಕೊಳ್ಳಿ. 14.7 ಬಂತು ಅಂದರೆ ಟೇಬಲ್ ಸರಿಯಿದೆ ಅಂತಲ್ಲ.

ಸದ್ಯಕ್ಕೆ ಕರ್ವ್‌ನಲ್ಲಿ 90ಕ್ಕೆ 100, 100ಕ್ಕೆ 111 ಹಾಕಿ. ಇಗ್ನಿಷನ್ ಟೇಬಲ್ಲೂ ಟಿಪಿಎಸ್ ಮೇಲೇ ನಿಂತಿದೆ, ಅದು ಇನ್ನೂ ದೊಡ್ಡ ಅಪಾಯ. ತೆಳು ಗಾಳಿಗೆ ಹೊಂದಿಸಿದ ಅಡ್ವಾನ್ಸ್ (ಕಿಡಿ ಎಷ್ಟು ಮುಂಚೆ ಹಾರಬೇಕು ಎಂಬುದು) ಕರಾವಳಿಯ ದಪ್ಪ, ಬಿಸಿ ಗಾಳಿಗೆ ಜಾಸ್ತಿಯಾಗುತ್ತದೆ. ನೀವು ಕೇಳಿದ ಗೋಲಿ ಸದ್ದು ನಾಕಿಂಗ್, ಸಿಲಿಂಡರಿನಲ್ಲಿ ಪೆಟ್ರೋಲ್ ಸಮನಾಗಿ ಉರಿಯದೆ ಸಿಡಿಯುವುದು. ಅದು ಸರಿಯಾಗುವವರೆಗೆ ಕೆಳಗೆ ಫುಲ್ ಥ್ರಾಟಲ್ ಕೊಡಬೇಡಿ. ಪಿಸ್ಟನ್ನಿನ ಅಂಚು ಉದುರಲು ಹೆಚ್ಚು ಹೊತ್ತು ಬೇಡ.


ಕರಾವಳಿ_ರ‍್ಯಾಲಿ
ಭಾನುವಾರ, ರಾತ್ರಿ 10:20

ಅದು ಹೌದು. ಬೆಂಗಳೂರಿನಲ್ಲಿ ಟ್ಯೂನ್ ಮಾಡಿದ ಗಾಡಿ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೆ ಟ್ರ್ಯಾಕಿಗೆ ಹೋದ ಕೂಡಲೇ ನಾಕ್ ಮಾಡುವುದು ನಾನು ಕಂಡಿದ್ದೇನೆ. ಬೆಂಗಳೂರು 900 ಮೀಟರ್ ಮೇಲೆ, ಚೆನ್ನೈ ಸಮುದ್ರದ ಪಕ್ಕ. ಸೆಖೆಗೆ ಹಾಗೆ ಅಂತ ಹೇಳುತ್ತಿದ್ದರು.

ಆದರೆ ಒಂದೇ ಥ್ರಾಟಲ್ ಬಾಡಿ ಇರುವ ಇಂಜಿನ್ನಿಗೆ ಆಲ್ಫಾ-ಎನ್ ಯಾಕೆ ಹಾಕಿದ್ದು?


ಜಿಪ್ಸಿ_ಸಕಲೇಶಪುರ
ಬುಧವಾರ, ರಾತ್ರಿ 9:10

ಲ್ಯಾಂಬ್ಡಾ ಅವರೇ, ಹೇಗೆ ಧನ್ಯವಾದ ಹೇಳಲಿ ತಿಳಿಯುತ್ತಿಲ್ಲ. ನೀವು ಹೇಳಿದಂತೆ ಕರ್ವ್ ಹಾಕಿ ಇವತ್ತು ಇಳಿದೆ. ಆದದ್ದನ್ನು ಆದಂತೆ ಹೇಳುತ್ತೇನೆ.

ಘಾಟಿಯುದ್ದಕ್ಕೂ ಇಜಿಓ ಕಾಲಮ್ ಮೇಲೇರುತ್ತಲೇ ಹೋಯಿತು. 102, 104, 107. ಗುಂಡ್ಯ ಮುಟ್ಟುವಾಗ 109. ಏನೂ ಬದಲಾಗಿಲ್ಲವಲ್ಲ ಅಂತ ಬೇಸರವಾಯಿತು. ಚಹಾಕ್ಕೆ ನಿಲ್ಲಿಸಿ, ಗಾಡಿ ಆಫ್ ಮಾಡಿದೆವು. ಕಾಲು ಗಂಟೆ ಬಿಟ್ಟು ಕೀ ತಿರುಗಿಸಿದರೆ ಬ್ಯಾರೋ 90 ಇದ್ದದ್ದು ಒಮ್ಮೆಗೇ 99 ಆಗಿದೆ! ಅಲ್ಲಿಂದ ಮುಂದೆ ಇಜಿಓ 101.

ಅಂದರೆ ಇದು ಹೊರಗಿನ ಒತ್ತಡವನ್ನು ಓದುವುದು ಕೀ ಆನ್ ಮಾಡಿದಾಗ, ಇಂಜಿನ್ ತಿರುಗುವ ಮುನ್ನ, ಅದೂ ಮ್ಯಾನಿಫೋಲ್ಡಿನ ಅದೇ ಸೆನ್ಸರಿನಿಂದ. ದಾರಿಯಲ್ಲಿ ಮತ್ತೆ ಓದುವುದಿಲ್ಲ. ಸರಿಯೇ?

ಆಲ್ಫಾ-ಎನ್ ಯಾಕೆ ಅಂದರೆ, ಟೇಬಲ್ ಮಾಡಿಕೊಟ್ಟವರು ಮೊದಲು ಸ್ಪೀಡ್ ಡೆನ್ಸಿಟಿ (ಮ್ಯಾಪ್ ಒತ್ತಡ ನೋಡಿ ಪೆಟ್ರೋಲ್ ಬಿಡುವ ಲೆಕ್ಕ) ಪ್ರಯತ್ನಿಸಿದ್ದರಂತೆ. ಐಡಲ್‌ನಲ್ಲಿ ಮ್ಯಾಪ್ ಮುಳ್ಳು 35ರಿಂದ 55ಕ್ಕೆ ಕುಣಿಯುತ್ತಿತ್ತಂತೆ, ಹಾಗಾಗಿ ಬದಲಾಯಿಸಿದರು.


ಹಾಸನ_ಗ್ಯಾರೇಜ್
ಬುಧವಾರ, ರಾತ್ರಿ 9:35

ಬೋರ್ಡಿನಿಂದ ಬರುವ ರಬ್ಬರ್ ಪೈಪ್ ಮ್ಯಾನಿಫೋಲ್ಡಿನಲ್ಲಿ ಎಲ್ಲಿಗೆ ಸಿಕ್ಕಿಸಿದೆ? ಫೋಟೋ ಹಾಕಿ.


ಜಿಪ್ಸಿ_ಸಕಲೇಶಪುರ
ಬುಧವಾರ, ರಾತ್ರಿ 9:52

ಹಾಕಿದ್ದೇನೆ. ನಾಲ್ಕನೇ ಸಿಲಿಂಡರಿನ ಕೊಳವೆಯಲ್ಲಿ, ಹೆಡ್‌ಗೆ ನಾಲ್ಕು ಬೆರಳು ಹಿಂದೆ ಒಂದು ನಿಪ್ಪಲ್ ಇದೆ, ಅಲ್ಲಿಗೆ.


ಹಾಸನ_ಗ್ಯಾರೇಜ್
ಬುಧವಾರ, ರಾತ್ರಿ 10:05

ಸಿಕ್ಕಿತು. ಆ ನಿಪ್ಪಲ್‌ನಲ್ಲಿ ನಾಲ್ಕನೇ ಸಿಲಿಂಡರ್ ಉಸಿರೆಳೆದಾಗ ಮಾತ್ರ ಜೋರು ಎಳೆತ, ಉಳಿದ ಮೂರು ಹೊಡೆತದ ಹೊತ್ತಿಗೆ ಸಡಿಲ. ಮುಳ್ಳು ಕುಣಿಯದೆ ಏನು ಮಾಡೀತು? ಥ್ರಾಟಲ್ ಬಾಡಿ ಹಿಂದಿನ ದೊಡ್ಡ ಡಬ್ಬ, ನಾಲ್ಕು ಕೊಳವೆಗಳೂ ಹೊರಡುವ ಜಾಗ, ಅದಕ್ಕೆ ನಿಪ್ಪಲ್ ಹಾಕಿ ಅಲ್ಲಿಂದ ಪೈಪ್ ತೆಗೆಯಿರಿ. ಬ್ರೇಕ್ ಬೂಸ್ಟರ್ ಪೈಪಿಗೆ ಟೀ ಹಾಕಬೇಡಿ, ಬ್ರೇಕ್ ಒತ್ತಿದಾಗಲೆಲ್ಲ ಲೆಕ್ಕ ತಪ್ಪುತ್ತದೆ. ಪೈಪ್ ಗಟ್ಟಿ ಗೋಡೆಯದ್ದಾಗಿರಲಿ, ಬಿಸಿಗೆ ಮೆತ್ತಗಾಗಿ ಮುದುಡುವಂಥದ್ದು ಬೇಡ.

ಇಪ್ಪತ್ತು ವರ್ಷದಿಂದ ಗಾಡಿ ಬಿಚ್ಚುತ್ತಿದ್ದೇನೆ, ಲ್ಯಾಪ್‌ಟಾಪ್ ಹಿಡಿದದ್ದು ಆರು ವರ್ಷದಿಂದ. ಟ್ಯೂನಿಂಗ್ ತೊಂದರೆ ಅಂತ ನನ್ನ ಹತ್ತಿರ ಬಂದ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಬೇಕಾಗಿದ್ದದ್ದು ಒಂದು ಪೈಪ್, ಒಂದು ಅರ್ತ್ ವೈರ್, ಇಲ್ಲ ಒಂದು ಕನೆಕ್ಟರ್. ಸೆನ್ಸರ್ ಅರ್ತ್‌ಗಳನ್ನೆಲ್ಲ ಬೋರ್ಡಿಗೇ ತನ್ನಿ, ಬೋರ್ಡಿನ ಅರ್ತ್ ಇಂಜಿನ್ ಹೆಡ್‌ಗೆ ಹೋಗಲಿ. ಬಾಡಿಗೆ ಒಂದು, ಇಂಜಿನ್‌ಗೆ ಒಂದು ಅಂತ ಹಂಚಿದರೆ ಹೆಡ್‌ಲೈಟ್ ಹಾಕಿದಾಗ ಕೂಲಂಟ್ ಟೆಂಪರೇಚರ್ ಐದು ಡಿಗ್ರಿ ಹಾರುತ್ತದೆ. ಕಣ್ಣಾರೆ ನೋಡಿದ್ದೇನೆ.


ಲ್ಯಾಂಬ್ಡಾ_ಒಂದು
ಗುರುವಾರ, ಬೆಳಗ್ಗೆ 7:15

ಹಾಸನದವರು ಹೇಳಿದ್ದು ನೂರಕ್ಕೆ ನೂರು. ಬ್ಯಾರೋ ಬಗ್ಗೆ ನಿಮ್ಮ ಊಹೆಯೂ ಸರಿ. ಬೋರ್ಡಿಗೆ ಬೇರೆ ಬ್ಯಾರೋ ಸೆನ್ಸರ್ ಸೇರಿಸಿದರೆ ಓಡುವಾಗಲೂ ಓದುತ್ತದೆ. ಆದರೆ ಪೈಪ್ ಜಾಗ ಸರಿಹೋದ ಮೇಲೆ ಸ್ಪೀಡ್ ಡೆನ್ಸಿಟಿಗೆ ಬಂದುಬಿಡಿ. ಘಾಟಿ ಹತ್ತಿ ಇಳಿಯುವ ಗಾಡಿಗೆ ಅದೇ ತಕ್ಕದ್ದು. ಮ್ಯಾನಿಫೋಲ್ಡ್ ಒಳಗಿನ ನಿಜವಾದ ಒತ್ತಡವನ್ನೇ ಅಳೆಯುವುದರಿಂದ ಊರು ಯಾವುದಾದರೂ ಲೆಕ್ಕ ತಪ್ಪುವುದು ತೀರಾ ಕಡಿಮೆ. ಹಳೆಯ ವಿದ್ಯೆಯೇ ಇದು: 1967ರಲ್ಲಿ ಫೋಕ್ಸ್‌ವ್ಯಾಗನ್ ಕಾರಿಗೆ ಬಂದ ಬಾಷ್‌ನ ಡಿ-ಜೆಟ್ರಾನಿಕ್ ಹೀಗೇ ಒತ್ತಡ ಅಳೆದು ಪೆಟ್ರೋಲ್ ಬಿಡುತ್ತಿತ್ತು. ಡಿ ಎಂದರೆ ಡ್ರುಕ್, ಜರ್ಮನ್‌ನಲ್ಲಿ ಒತ್ತಡ. ನಮ್ಮಂಥವರ ಕೈಗೆ ಈ ವಿದ್ಯೆ ಸಿಕ್ಕಿದ್ದು 2001ರ ಸುಮಾರಿಗೆ ಬ್ರೂಸ್ ಬೌಲಿಂಗ್, ಆಲ್ ಗ್ರಿಪ್ಪೋ ಇಬ್ಬರೂ ಮೆಗಾಸ್ಕ್ವರ್ಟ್ ಕಿಟ್ ಹೊರತಂದಾಗ. ನಿಮ್ಮ ಸ್ಪೀಡ್ಯುಯಿನೋ ತುಳಿದದ್ದು ಅದೇ ದಾರಿ.

ಟೇಬಲ್ ಹೊಸದಾಗಿ ಶುರುವಾಗುತ್ತದೆ, ಹಳೆಯ ಸಂಖ್ಯೆಗಳು ಉಪಯೋಗಕ್ಕೆ ಬರುವುದಿಲ್ಲ. ಮೊದಲು ರಿಕ್ವೈರ್ಡ್ ಫ್ಯುಯಲ್ (ಒಂದು ಸಿಲಿಂಡರ್ ತುಂಬ ಗಾಳಿಗೆ ಇಂಜೆಕ್ಟರ್ ತೆರೆದಿರಬೇಕಾದ ಹೊತ್ತು) ಸರಿ ಮಾಡಿಕೊಳ್ಳಿ. ನಿಮ್ಮ ಒಂದು ಸಿಲಿಂಡರ್ 324.5 ಸಿಸಿ. 100 ಕಿಲೋಪ್ಯಾಸ್ಕಲ್, 21 ಡಿಗ್ರಿಯಲ್ಲಿ ಅದರೊಳಗೆ ಹಿಡಿಸುವ ಗಾಳಿ ಸುಮಾರು 0.385 ಗ್ರಾಂ. ಅದಕ್ಕೆ ಬೇಕಾದ ಪೆಟ್ರೋಲ್ 0.026 ಗ್ರಾಂ. ಫೈಲಿನಲ್ಲಿ ಇಂಜೆಕ್ಟರ್ ನಿಮಿಷಕ್ಕೆ 200 ಸಿಸಿ ಅಂತ ಬರೆದಿದ್ದೀರಿ, ಹಾಗಿದ್ದರೆ 10.6 ಮಿಲಿಸೆಕೆಂಡ್. ಇ20 ಹಾಕುವುದಾದರೆ 11.5ರ ಹತ್ತಿರ. ಇಂಜೆಕ್ಟರ್ ತೆರೆಯಲು ಹಿಡಿಯುವ ಹೊತ್ತು ಬೇರೆ, ಅದು ಒಂದು ಮಿಲಿಸೆಕೆಂಡ್ ಆಸುಪಾಸು, ಬ್ಯಾಟರಿ ವೋಲ್ಟೇಜ್ ಬಿದ್ದರೆ ಹೆಚ್ಚಾಗುತ್ತದೆ.

ಇನ್ನು ಮುಂದೆ ಮೀಟರನ್ನು ಎಎಫ್‌ಆರ್ ಬದಲು ಲ್ಯಾಂಬ್ಡಾದಲ್ಲಿ ಓದಿ. ಪೆಟ್ರೋಲ್ ಪೂರ್ತಿ ಉರಿಯಲು ಬೇಕಾದಷ್ಟೇ ಗಾಳಿ ಇದ್ದರೆ ಅದು ಒಂದು, ಕಡಿಮೆ ಬಂದರೆ ರಿಚ್, ಹೆಚ್ಚು ಬಂದರೆ ಲೀನ್. ವೈಡ್‌ಬ್ಯಾಂಡ್ ಅಳೆಯುವುದೇ ಲ್ಯಾಂಬ್ಡಾ, 14.7ರಿಂದ ಗುಣಿಸಿ ತೋರಿಸುವುದು ನಮ್ಮ ಸಮಾಧಾನಕ್ಕೆ. ಟ್ಯಾಂಕಿನಲ್ಲಿ ಎಥನಾಲ್ ಎಷ್ಟೇ ಇರಲಿ, ಒಂದು ಅಂದರೆ ಒಂದು. ಫುಲ್ ಥ್ರಾಟಲಿಗೆ 0.87 ಗುರಿ ಇಟ್ಟುಕೊಳ್ಳಿ.

ಸೆಲ್ ತಿದ್ದುವ ಲೆಕ್ಕ ಸುಲಭ. ಹಳೆಯ ಸಂಖ್ಯೆಯನ್ನು ಅಳತೆಗೆ ಬಂದದ್ದರಿಂದ ಗುಣಿಸಿ, ಗುರಿಯಿಂದ ಭಾಗಿಸಿ. ಸೆಲ್‌ನಲ್ಲಿ 78 ಇದ್ದು, 0.87 ಬೇಕಾದಲ್ಲಿ 0.91 ಬಂದರೆ 82 ಹತ್ತಿರ. ಹೀಗೆ ಮಾಡುವಾಗ ಇಜಿಓ ಕರೆಕ್ಷನ್ ಆಫ್ ಇರಲಿ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ನಿಮ್ಮ ಊರಿನಲ್ಲಿ ಎಷ್ಟೇ ಒತ್ತಿದರೂ ಮ್ಯಾಪ್ 90 ದಾಟುವುದಿಲ್ಲ. ಟೇಬಲ್‌ನ 95, 100 ಸಾಲುಗಳನ್ನು ಸಕಲೇಶಪುರದಲ್ಲಿ ಮುಟ್ಟಲು ಆಗುವುದೇ ಇಲ್ಲ. ಅಲ್ಲಿರುವುದು ಬರೀ ಅಂದಾಜು. ಟೇಬಲನ್ನು ತಾನೇ ತಿದ್ದುವ ಆಟೋಟ್ಯೂನ್ ಕೂಡ ಅಲ್ಲಿಗೆ ಹೋಗುವುದಿಲ್ಲ. ಹಾಗಾಗಿ ಆ ಎರಡು ಸಾಲಿನ ಇಂಧನವನ್ನು 90ರ ಸಾಲಿಗಿಂತ ನಾಲ್ಕೈದು ಅಂಕ ಹೆಚ್ಚಿಡಿ, ಇಗ್ನಿಷನ್‌ನಲ್ಲಿ ಮೂರು ಡಿಗ್ರಿ ಕಡಿಮೆ ಮಾಡಿ. ಆಮೇಲೆ ಕರಾವಳಿಗೆ ಹೋಗಿ ಅಲ್ಲಿಯೇ ಕೂತು ತಿದ್ದಿ.


ಕರಾವಳಿ_ರ‍್ಯಾಲಿ
ಗುರುವಾರ, ಬೆಳಗ್ಗೆ 8:40

ನಮ್ಮಲ್ಲಿಗೆ ಬನ್ನಿ. ಪರಿಚಯದವರ ತೋಟದ ಒಳಗೆ 600 ಮೀಟರ್ ನೇರ ಏರು ರಸ್ತೆ ಉಂಟು, ಗೇಟ್ ಹಾಕಿದರೆ ಯಾರೂ ಬರುವುದಿಲ್ಲ. ಹೆದ್ದಾರಿಯಲ್ಲಿ ಲ್ಯಾಪ್‌ಟಾಪ್ ನೋಡುತ್ತಾ ಫುಲ್ ಥ್ರಾಟಲ್ ಕೊಡುವ ಕೆಲಸ ಮಾತ್ರ ಬೇಡ. ನಾಕ್ ಕೇಳಲು ನನ್ನ ಹತ್ತಿರ ತಾಮ್ರದ ಕೊಳವೆ ಉಂಟು. ಒಂದು ತುದಿ ಚಪ್ಪಟೆ ಮಾಡಿ ಬ್ಲಾಕಿಗೆ ಬೋಲ್ಟ್ ಹಾಕುವುದು, ಇನ್ನೊಂದು ತುದಿಗೆ ರಬ್ಬರ್ ಪೈಪ್, ಅದು ಕಿವಿ ಮುಚ್ಚುವ ಮಫ್‌ಗೆ. ವಾಲ್ವ್ ಸದ್ದಿನ ಒಳಗಿನಿಂದಲೂ ನಾಕ್ ಸ್ಪಷ್ಟ ಕೇಳುತ್ತದೆ.


ಹೊಸ_ಚಾಲಕ
ಗುರುವಾರ, ಸಂಜೆ 5:20

ಓದಿ ತುಂಬಾ ಕಲಿತೆ. ನನ್ನದು 2021ರ ಬಿಎಸ್6 ಹ್ಯಾಚ್‌ಬ್ಯಾಕ್. ಒಬಿಡಿ (ಸರ್ವಿಸ್‌ನವರು ಕಂಪ್ಯೂಟರ್ ಸಿಕ್ಕಿಸುವ) ಪೋರ್ಟಿನಿಂದ ನಾನೂ ಹೀಗೆ ಟ್ಯೂನ್ ಮಾಡಬಹುದೇ?


ಲ್ಯಾಂಬ್ಡಾ_ಒಂದು
ಗುರುವಾರ, ಸಂಜೆ 7:05

ಬೇಡ. ನಿಮ್ಮ ಕಾರಿನ ಇಸಿಯು ಬೇರೆ ಜಾತಿ. ಅದರಲ್ಲಿ ಟೇಬಲ್‌ಗಳು ಸಾವಿರಗಟ್ಟಲೆ, ಒಂದು ಮುಟ್ಟಿದರೆ ಕ್ಯಾಟಲಿಟಿಕ್ ಕನ್ವರ್ಟರ್ ರಕ್ಷಣೆಯಿಂದ ಹಿಡಿದು ಗೇರ್‌ಬಾಕ್ಸ್‌ವರೆಗೆ ಅಲ್ಲಾಡುತ್ತದೆ. ವಾರಂಟಿ ಹೋಗುತ್ತದೆ, 1988ರ ಮೋಟಾರು ವಾಹನ ಕಾಯಿದೆಯಲ್ಲಿ ಗಾಡಿ ಮಾರ್ಪಾಡಿನ ಬಗ್ಗೆ ಇರುವ 52ನೇ ಸೆಕ್ಷನ್ ಕೂಡ ಅಡ್ಡ ಬರಬಹುದು. ಆದರೆ ಓದುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಆ ಪೋರ್ಟಿಗೆ ಸಿಕ್ಕಿಸುವ ಒಂದು ಇಎಲ್‌ಎಂ327 ಅಡಾಪ್ಟರ್ ತಗೊಂಡು ಶಾರ್ಟ್ ಟರ್ಮ್, ಲಾಂಗ್ ಟರ್ಮ್ ಫ್ಯುಯಲ್ ಟ್ರಿಮ್ ನೋಡುತ್ತಾ ಒಂದು ತಿಂಗಳು ಓಡಿಸಿ. ಜಿಪ್ಸಿಯ ಇಜಿಓ ಕಾಲಮ್ ಹೇಳಿದ ಕಥೆಯನ್ನೇ ಅವೂ ಹೇಳುತ್ತವೆ. ಲಾಂಗ್ ಟರ್ಮ್ ಹತ್ತು ಪರ್ಸೆಂಟ್ ದಾಟಿ ನಿಂತರೆ ಎಲ್ಲೋ ಗಾಳಿ ಸೋರುತ್ತಿದೆ ಅಥವಾ ಸೆನ್ಸರ್ ಕೊಳೆಯಾಗಿದೆ, ಸರ್ವಿಸ್‌ಗೆ ಕೊಡುವಾಗ ಆ ಸಂಖ್ಯೆ ಹೇಳಿ ಕೊಡಿ.


ಜಿಪ್ಸಿ_ಸಕಲೇಶಪುರ
ಮುಂದಿನ ಮಂಗಳವಾರ, ರಾತ್ರಿ 8:30

ಮುಗಿಸಿ ಬಂದು ಬರೆಯುತ್ತಿದ್ದೇನೆ.

ಪೈಪ್ ಬದಲಾಯಿಸಿದೆ. ಡಬ್ಬಕ್ಕೆ ತೂತು ಕೊರೆಯುವಾಗ ಲೋಹದ ಪುಡಿ ಒಳಗೆ ಬೀಳಬಾರದೆಂದು ಮ್ಯಾನಿಫೋಲ್ಡ್ ಬಿಚ್ಚಿಯೇ ಕೊರೆದೆ, ಅರ್ಧ ದಿನ ಹೋಯಿತು. ಐಡಲ್‌ನಲ್ಲಿ ಮ್ಯಾಪ್ ಈಗ 38, 39. ಆ ಎರಡು ಸಂಖ್ಯೆ ಬಿಟ್ಟು ಆಚೀಚೆ ಹೋಗುವುದಿಲ್ಲ. ಎರಡು ವರ್ಷ ಈ ಸೆನ್ಸರ್ ಕೆಟ್ಟಿದೆ ಅಂದುಕೊಂಡಿದ್ದೆ.

ಊರಲ್ಲಿ ಮೂರು ಸಂಜೆ ಕೂತು 30ರಿಂದ 90ರವರೆಗಿನ ಸಾಲು ತುಂಬಿಸಿದೆವು. ಭಾನುವಾರ ಮಂಗಳೂರು. ಗುಂಡ್ಯದಲ್ಲಿ ಬೇಕೆಂದೇ ನಿಲ್ಲಿಸಲಿಲ್ಲ. ಬ್ಯಾರೋ ಕಾಲಮ್ ಇನ್ನೂ 90 ಅಂತಲೇ ಇತ್ತು, ಇಜಿಓ ಮಾತ್ರ ಘಾಟಿ ಪೂರ್ತಿ 98ರಿಂದ 102ರೊಳಗೇ ಇತ್ತು. ತಮ್ಮ ಎರಡೆರಡು ಸಲ ಕೇಳಿದ, ನಿಜವಾಗಿ ನೋಡ್ತಾ ಇದ್ದೀಯಾ ಅಂತ. ಹಳೆಯ ಬ್ಯಾರೋ ಕರ್ವ್ ವಾಪಸ್ ಚಪ್ಪಟೆ ಮಾಡಿದ್ದು ಮರೆತಿರಲಿಲ್ಲ. ಇಲ್ಲದಿದ್ದರೆ ಎರಡು ಸಲ ತಿದ್ದಿದಂತೆ ಆಗುತ್ತಿತ್ತು.

ಕರಾವಳಿಯವರ ತೋಟದಲ್ಲಿ ಮೇಲಿನ ಎರಡು ಸಾಲು. ಅಂದಾಜಿನ ಇಂಧನ ಸ್ವಲ್ಪ ರಿಚ್ ಇತ್ತು, 0.83. ತಿದ್ದಿ 0.87ಕ್ಕೆ ತಂದೆವು. ಇಗ್ನಿಷನ್ ಒಂದೊಂದೇ ಡಿಗ್ರಿ ಏರಿಸಿದೆವು. 3000 ಆರ್‌ಪಿಎಂನಲ್ಲಿ ಎರಡನೇ ಡಿಗ್ರಿಗೆ ತಾಮ್ರದ ಕೊಳವೆಯಲ್ಲಿ ಟಿಕ್ ಟಿಕ್ ಅಂತ ಅವರಿಗೆ ಕೇಳಿತು, ಕೈ ಎತ್ತಿದರು, ನನಗೆ ಏನೂ ಕೇಳಿಸಿರಲಿಲ್ಲ. ಅಲ್ಲಿಂದ ಎರಡು ಡಿಗ್ರಿ ಹಿಂದೆ ಬಂದು ನಿಲ್ಲಿಸಿದೆವು. ಅವರ ಮನೆಯ ನೀರುದೋಸೆ, ಮೀನು ಸಾರು ಮರೆಯುವಂತಿಲ್ಲ.

ಫೈಲ್ ಮತ್ತು ಲಾಗ್ ಎರಡನ್ನೂ ಹಾಕಿದ್ದೇನೆ. ಎಸ್ಟೀಮ್ ಇಂಜಿನ್ ಹಾಕಿಕೊಂಡ ಬೇರೆಯವರು ಇದನ್ನು ಶುರುವಿಗೆ ಬಳಸಬಹುದು, ಆದರೆ ನಿಮ್ಮ ಇಂಜೆಕ್ಟರ್ ಅಳತೆ ಹಾಕಿಕೊಳ್ಳಿ, ಟೈಮಿಂಗ್ ಲೈಟ್ ಹಿಡಿದು ಪುಲ್ಲಿಯ ಗುರುತು ನೋಡಿಕೊಂಡೇ ಮುಂದೆ ಹೋಗಿ. ಲ್ಯಾಪ್‌ಟಾಪ್ ತೋರಿಸುವ ಹತ್ತು ಡಿಗ್ರಿ ಅಡ್ವಾನ್ಸ್ ನನ್ನದರಲ್ಲಿ ಮೊದಲು ಆರೇ ಆಗಿತ್ತು.

ಇವತ್ತು ಬೆಳಗ್ಗೆ ಕೂಲಂಟ್ 16 ಡಿಗ್ರಿ ಇದ್ದಾಗ ಎರಡನೇ ಸುತ್ತಿಗೇ ಹಿಡಿಯಿತು. 30 ಡಿಗ್ರಿ ದಾಟುವಾಗ ಅರ್ಧ ನಿಮಿಷ ಲ್ಯಾಂಬ್ಡಾ 1.06ಕ್ಕೆ ಹೋಗಿ ಸ್ವಲ್ಪ ತಡವರಿಸುತ್ತದೆ. ತಣ್ಣನೆಯ ಇಂಜಿನ್ನಿಗೆ ಹೆಚ್ಚು ಪೆಟ್ರೋಲ್ ಕೊಡುವ ವಾರ್ಮಪ್ ಕರ್ವ್‌ನ ಆ ಬಿಂದುವನ್ನು 124ರಿಂದ 129ಕ್ಕೆ ಏರಿಸಿ ಇಟ್ಟಿದ್ದೇನೆ. ನಾಳೆ ಬೆಳಗ್ಗೆ ತಣ್ಣಗಿರುವಾಗ ನೋಡಿ ಹೇಳುತ್ತೇನೆ.